‘ಕಾಯಕವೇ ಕೈಲಾಸ’ ಎಂದವರು ಯಾರು? ಪ್ರಬಂಧದ ತರಗತಿಯಲ್ಲಿ ‘ವಚನ ಸಂಚಯ’

ಜೂನ್ ತಿಂಗಳಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ‘ದುಡಿಮೆಯ ಹಿರಿಮೆ’ ಎಂಬ ವಿಷಯ ಕೊಟ್ಟು ಎರಡು ಪುಟದ ಪ್ರಬಂಧ ಬರೆಸಿದ್ದೆ. ತಿದ್ದಲು ಕುಳಿತಾಗ 62 ಹಾಳೆಗಳಲ್ಲಿ 41ರಲ್ಲಿ ಒಂದೇ ವಾಕ್ಯ: ‘ಬಸವಣ್ಣನವರು ಹೇಳಿದಂತೆ ಕಾಯಕವೇ ಕೈಲಾಸ.’ ಕೆಲವರು ಅದನ್ನು ಪೀಠಿಕೆಯಲ್ಲಿ ಇಟ್ಟಿದ್ದರು, ಹೆಚ್ಚಿನವರು ಉಪಸಂಹಾರದಲ್ಲಿ. ಒಬ್ಬ ಹುಡುಗ ಎರಡೂ ಕಡೆ ಬರೆದು ಅಡಿಗೆರೆ ಎಳೆದಿದ್ದ. ಆ ವಾಕ್ಯಕ್ಕೂ ಅದರ ಹಿಂದುಮುಂದಿನ ಮಾತಿಗೂ ಏನೂ ಸಂಬಂಧವಿರಲಿಲ್ಲ. ಬಾಗಿಲಿಗೆ ಕಟ್ಟಿದ ತೋರಣದ ಹಾಗೆ, ಬಿಚ್ಚಿ ತೆಗೆದರೂ ಮನೆ ನಿಂತೇ ಇರುತ್ತಿತ್ತು.

ಆ ವಾರವೇ ನಾನು ‘ವಚನ ಸಂಚಯ’ ಜಾಲತಾಣವನ್ನು ತರಗತಿಗೆ ತಂದೆ. ಈಗ ಶೈಕ್ಷಣಿಕ ವರ್ಷ ಮುಗಿಯುತ್ತ ಬಂದಿದೆ. ಪ್ರಬಂಧ ಬರೆಯುವುದನ್ನು ಕಲಿಸುವಾಗ ಅದು ನನಗೆ ಹೇಗೆ ಒದಗಿತು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಕನ್ನಡ ಕಲಿಸುವ ಇತರರಿಗಾಗಿ ಬರೆಯುತ್ತಿದ್ದೇನೆ.

ತಾಣ ನೋಡದವರಿಗೆ ಎರಡು ಮಾತು. ಇನ್ನೂರಕ್ಕೂ ಹೆಚ್ಚು ವಚನಕಾರರ 20,000ಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಒಂದು ಪದ ಕೊಟ್ಟರೆ ಆ ಪದ ಬರುವ ವಚನಗಳು ಬರೆದವರ ಹೆಸರಿನೊಂದಿಗೆ ಬರುತ್ತವೆ. ಒಬ್ಬೊಬ್ಬ ವಚನಕಾರರನ್ನು ಹಿಡಿದೂ ಓದುತ್ತ ಹೋಗಬಹುದು. ಹಣ ಕೊಡಬೇಕಿಲ್ಲ. ಕನ್ನಡದ ಮೇಲಿನ ಪ್ರೀತಿಯಿಂದ ಕೆಲವರು ಕೂಡಿ ಕಟ್ಟಿರುವ ಕೆಲಸ ಇದು. ಸಮಗ್ರ ವಚನ ಸಾಹಿತ್ಯ ಮುದ್ರಣದಲ್ಲಿ 15 ಸಂಪುಟಗಳಾಗಿ ಬಂದಿದೆ. ನಮ್ಮ ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿ ಅವುಗಳ ಪೈಕಿ ನಾಲ್ಕು ಮಾತ್ರ ಇವೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಓದುವ ಮಗುವಿಗೆ 15 ಸಂಪುಟಗಳನ್ನೂ ತಡಕುವ ಅವಕಾಶ ಎಲ್ಲಿಂದ ಬರಬೇಕು? ಊರೂರು ಅಲೆದು ತಾಳೆಗರಿಗಳನ್ನು ಕೂಡಿಸಿದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ. ಅದಾಗಿ ನೂರು ವರ್ಷಗಳ ಮೇಲೆ ನಮ್ಮ ಹಿಂದಿನ ಬೆಂಚಿನ ಹುಡುಗನೂ ಒಂದು ಪದ ಹಿಡಿದು ಇಡೀ ಭಂಡಾರವನ್ನು ಶೋಧಿಸಬಹುದು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ನಮ್ಮ ತರಗತಿಯಲ್ಲಿ ಮಕ್ಕಳು ಮೊಬೈಲ್ ತರುವಂತಿಲ್ಲ. ನನ್ನ ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಟ್ಟು, ಸ್ಮಾರ್ಟ್ ಕ್ಲಾಸ್ ಕೋಣೆಯ ಪ್ರೊಜೆಕ್ಟರ್ ಹಚ್ಚಿ ಗೋಡೆಗೆ ಬಿಟ್ಟೆ. ‘ಕೈಲಾಸ’ ಎಂಬ ಪದ ಕೊಟ್ಟೆವು. ಗೋಡೆಯ ತುಂಬ ವಚನಗಳು ಬಂದವು. ಇವುಗಳಲ್ಲಿ ಕಾಯಕವೂ ಇರುವುದು ಯಾವುದು, ಕಣ್ಣಿಟ್ಟು ನೋಡಿ ಎಂದೆ. ಮೊದಲು ಕಂಡವಳು ಕಿಟಕಿ ಪಕ್ಕದ ಹುಡುಗಿ. ಎದ್ದು ನಿಂತು ಓದಿದಳು:

ಕಾಯಕದಲ್ಲಿ ನಿರತನಾದಡೆ
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದೆ ನಿಂದಿದ್ದಡೂ ಹಂಗು ಹರಿಯಬೇಕು.
ಕಾಯಕವೆ ಕೈಲಾಸವಾದ ಕಾರಣ
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಓದಿ ಮುಗಿಸಿ ಕೂರಲಿಲ್ಲ. ‘ಮೇಡಂ, ಇದು ಬಸವಣ್ಣನವರದ್ದಲ್ಲ, ಆಯ್ದಕ್ಕಿ ಮಾರಯ್ಯ ಎಂದಿದೆ’ ಎಂದಳು. ಅವಳ ಹಿಂದಿನಿಂದ ಇನ್ನೊಬ್ಬ: ‘ಅಮರೇಶ್ವರ ಅಂದರೆ ನಮ್ಮ ಗುರುಗುಂಟದ ಅಮರೇಶ್ವರನೇ?’

ನಮ್ಮದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ಗುರುಗುಂಟದ ಅಮರೇಶ್ವರ ಜಾತ್ರೆಗೆ ಹೋಗದ ಮಗು ನನ್ನ ತರಗತಿಯಲ್ಲಿ ಸಿಗುವುದು ಕಷ್ಟ. ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಆ ಅಮರೇಶ್ವರದವರೆಂದು, ಅಲ್ಲಿಂದ ಕಲ್ಯಾಣಕ್ಕೆ ಹೋಗಿ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದರೆಂದು ಪರಂಪರೆ ಹೇಳುತ್ತದೆ. ನಮ್ಮ ನೆಲದವನ ಮಾತನ್ನು 41 ಮಕ್ಕಳು ಇನ್ನೊಬ್ಬರ ಹೆಸರಿಗೆ ಬರೆದಿದ್ದರು. ಅವರ ತಪ್ಪೇನೂ ಇಲ್ಲ. ಎಲ್ಲರೂ ಹಾಗೆಯೇ ಹೇಳುತ್ತ ಬಂದಿದ್ದಾರೆ. ಕೆಲವರು ಒಪ್ಪಿಕೊಂಡರು, ನಾವು ಅದನ್ನು ಬರೆದದ್ದು ಒಂದು ಗೈಡಿನ ‘ನುಡಿಮುತ್ತುಗಳು’ ಪುಟದಿಂದ ಎಂದು.

ಹೆಸರು ತಿದ್ದಿದ್ದಕ್ಕಿಂತ ದೊಡ್ಡ ಲಾಭ ಆಮೇಲೆ ಕಂಡಿತು. ವಚನವನ್ನು ಪೂರ್ತಿ ಓದಿದ ಮೇಲೆ ಆ ಎರಡು ಪದಗಳ ತೂಕವೇ ಬದಲಾಯಿತು. ‘ಕೆಲಸ ಮಾಡಿದರೆ ಒಳ್ಳೆಯದಾಗುತ್ತದೆ’ ಎಂಬ ಮೆದು ಮಾತಲ್ಲ ಅದು. ಗುರು ಬಂದರೂ, ಪೂಜೆಯ ಹೊತ್ತಾದರೂ, ಜಂಗಮ ಎದುರಿಗೇ ನಿಂತರೂ ಕೈಯಲ್ಲಿರುವ ಕೆಲಸ ಬಿಡಬೇಡ ಎನ್ನುತ್ತಾನೆ ಮಾರಯ್ಯ. ಕೊನೆಗೆ ಆ ಲಿಂಗವೂ ಕಾಯಕದ ಒಳಗೇ ಎನ್ನುತ್ತಾನೆ. ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುವವರ ಮಗನೊಬ್ಬ ಎರಡನೆಯ ಸಲ ಬರೆದ ಪ್ರಬಂಧದಲ್ಲಿ ‘ಮರೆಯಬೇಕು’ ಎಂಬ ಪದವನ್ನು ಹಿಡಿದುಕೊಂಡಿದ್ದ. ಹಬ್ಬದ ದಿನವೂ ಗಣಿಗೆ ಇಳಿಯುವ ಅಪ್ಪನನ್ನು ಮನೆಯಲ್ಲಿ ಎಲ್ಲರೂ ಬೈಯುತ್ತಾರೆ, ಮಾರಯ್ಯನ ವಚನ ಅಪ್ಪನ ಪರವಾಗಿ ನಿಲ್ಲುತ್ತದೆ ಎಂದು ಬರೆದಿದ್ದ. ಉಲ್ಲೇಖ ಎಂದರೆ ಸಾಕ್ಷಿ ಎಂದು ಹದಿನೆಂಟು ವರ್ಷಗಳಿಂದ ಪಾಠ ಹೇಳಿದ್ದೇನೆ. ಒಂದು ಮಗು ಸಾಕ್ಷಿಯನ್ನು ನಿಜವಾಗಿ ಕಟಕಟೆಗೆ ಕರೆತಂದು ನಿಲ್ಲಿಸಿದ್ದನ್ನು ಕಂಡದ್ದು ಅಂದು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಹಾಗಾದರೆ ಬಸವಣ್ಣನವರು ಇದನ್ನು ಹೇಳಲೇ ಇಲ್ಲ ಎಂದು ಬರೆಯಬಹುದೇ?’ ಎಂದು ಮಕ್ಕಳು ಕೇಳಿದರು. ಬರೆಯಬಾರದು ಎಂದೆ. ನಾವು ಹುಡುಕಿದೆವು, ಬಸವಣ್ಣನವರ ವಚನಗಳಲ್ಲಿ ಈ ಮಾತು ನಮಗೆ ಸಿಗಲಿಲ್ಲ, ಮಾರಯ್ಯನ ವಚನದಲ್ಲಿ ಸಿಕ್ಕಿತು. ಬರೆಯಬೇಕಾದದ್ದು ಅಷ್ಟೇ. ‘ಸಿಗಲಿಲ್ಲ’ ಬೇರೆ, ‘ಹೇಳಲಿಲ್ಲ’ ಬೇರೆ. ಕಲ್ಯಾಣದಲ್ಲಿ ಕಾಯಕಕ್ಕೆ ಅಷ್ಟು ಗೌರವ ಬಂದದ್ದರಲ್ಲಿ ಬಸವಣ್ಣನವರ ಪಾಲನ್ನು ಯಾರೂ ಕಡಿಮೆ ಮಾಡುತ್ತಿಲ್ಲ. ಈ ಎರಡು ಕ್ರಿಯಾಪದಗಳ ನಡುವಿನ ಅಂತರವನ್ನು ತಿಳಿಸಲು ಒಂದು ಇಡೀ ಅವಧಿ ಹಿಡಿಯಿತು. ಆ ಅವಧಿ ದಂಡವಾಯಿತೆಂದು ನನಗೆ ಅನಿಸಿಲ್ಲ.

ಸಾಕ್ಷಿ ಎಂದರೇನು ಎಂದು ತೋರಿಸಲು ನಮಗೆ ದೂರ ಹೋಗಬೇಕಾಗಿಲ್ಲ. ಮಸ್ಕಿ ಪಕ್ಕದಲ್ಲೇ ಇದೆ. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಶೋಕನೇ ಇರಬೇಕು ಎಂದು ವಿದ್ವಾಂಸರು ಬಹಳ ಕಾಲದಿಂದ ಊಹಿಸಿದ್ದರು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲಿನ ಬರಹ ಕಂಡರು. ಅದರಲ್ಲಿ ಬಿರುದಿನ ಜೊತೆಗೆ ‘ಅಸೋಕಸ’ ಎಂಬ ಹೆಸರೇ ಇತ್ತು. ಊಹೆಗೆ ಗಟ್ಟಿ ಆಧಾರ ಬಂದದ್ದು ಒಂದು ಪದದಿಂದ. ಇದನ್ನು ಹೇಳಿ ಮಕ್ಕಳನ್ನು ಕೇಳುತ್ತೇನೆ: ನಿನ್ನ ಉಲ್ಲೇಖದಲ್ಲಿ ‘ಅಸೋಕಸ’ ಯಾವುದು? ನಿನ್ನ ವಾದವನ್ನು ಹೊತ್ತು ನಿಂತಿರುವ ಆ ಒಂದು ಪದವನ್ನು ನನಗೆ ತೋರಿಸು. ತೋರಿಸಲು ಆಗದಿದ್ದರೆ ಆ ಉಲ್ಲೇಖ ಬೇಡ.

ನಮ್ಮ ಮಕ್ಕಳಿಗೆ ಇದರ ಅಭ್ಯಾಸ ಮೊದಲೇ ಇದೆ, ಆದರೆ ಇದೆ ಎಂದು ಅವರಿಗೆ ಗೊತ್ತಿಲ್ಲ. ಹತ್ತನೆಯ ತರಗತಿಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗ ಮಾಡಿ ಉತ್ತರಿಸಿ ಬಂದಿರುತ್ತಾರೆ. ಪ್ರಬಂಧಕ್ಕೂ ಅದನ್ನೇ ಹಚ್ಚಿದೆ. ನಿನ್ನ ಅಭಿಪ್ರಾಯವನ್ನು ನಿನ್ನ ಮಾತಿನಲ್ಲಿ ಮೊದಲು ಬರೆ. ಆಮೇಲೆ ಯಾರ ಮಾತು, ಯಾವ ಸಂದರ್ಭದ್ದು ಎಂದು ಹೇಳಿ ಉಲ್ಲೇಖಿಸು. ಆ ಮೇಲೆ ಸ್ವಾರಸ್ಯ ಬರೆ, ಅಂದರೆ ಆ ಮಾತಿನ ಯಾವ ಪದ ನಿನ್ನ ಅಭಿಪ್ರಾಯಕ್ಕೆ ಹೇಗೆ ಬಲ ಕೊಡುತ್ತದೆ ಎಂಬುದನ್ನು. ಮೂರನೆಯದನ್ನೇ ಮಕ್ಕಳು ಬಿಡುವುದು. ಉದ್ಧರಣ ಚಿಹ್ನೆ ಮುಚ್ಚಿದ ಕೂಡಲೇ ಹೊಸ ಪ್ಯಾರಾಕ್ಕೆ ಜಿಗಿಯುತ್ತಾರೆ. ಹಾಗೆ ಜಿಗಿದ ಕಡೆಯಲ್ಲೆಲ್ಲ ನಾನು ಅಂಚಿನಲ್ಲಿ ‘ಸ್ವಾ?’ ಎಂದು ಬರೆಯುತ್ತೇನೆ. ಈಗ ಅವರೇ ಪರಸ್ಪರರ ಹಾಳೆ ತಿದ್ದುವಾಗ ‘ಸ್ವಾ?’ ಬರೆಯುತ್ತಾರೆ.

ತಾಣದ ನಿಜವಾದ ಶಕ್ತಿ ಒಂದೇ ಪದದ ಸುತ್ತ ಬೇರೆ ಬೇರೆ ದನಿಗಳನ್ನು ಪಕ್ಕಪಕ್ಕ ತಂದು ನಿಲ್ಲಿಸುವುದರಲ್ಲಿದೆ. ಹೆಣ್ಣು ಗಂಡು ಸಮಾನತೆಯ ಪ್ರಬಂಧಕ್ಕೆ ಹುಡುಕುತ್ತಿದ್ದಾಗ ಜೇಡರ ದಾಸಿಮಯ್ಯನ ವಚನ ಸಿಕ್ಕಿತು: ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ.’ ಇದು ಹಲವರಿಗೆ ಗೊತ್ತಿದ್ದದ್ದೇ. ಆದರೆ ಅದೇ ಮಾತಿನಿಂದ ಆರಂಭವಾಗುವ ಗೊಗ್ಗವ್ವೆಯ ವಚನವೂ ಬಂತು: ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಮೀಸೆ ಕಾಸೆ ಬಂದಡೆ ಗಂಡೆಂಬರು, ಈ ಉಭಯದ ಜ್ಞಾನ ಹೆಣ್ಣೊ ಗಂಡೊ ನಾಸ್ತಿನಾಥಾ?’ ಗೊಗ್ಗವ್ವೆಯ ಹೆಸರನ್ನು ತರಗತಿಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಮೊದಲ ಪದಕ್ಕೇ ಹುಡುಗರ ಸಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಓದುತ್ತಿದ್ದ ಹುಡುಗಿ ದನಿ ತಗ್ಗಿಸಲಿಲ್ಲ. ಎರಡೂ ವಚನಗಳನ್ನು ಕೊನೆಯವರೆಗೆ ಓದಿ ಕೂತಳು. ಅವಳ ಪ್ರಬಂಧದ ಒಂದು ಪ್ಯಾರಾ ನನ್ನ ಬಳಿ ಇದೆ. ದಾಸಿಮಯ್ಯ ಉತ್ತರ ಹೇಳಿ ಮುಗಿಸುತ್ತಾನೆ, ಗೊಗ್ಗವ್ವೆ ಪ್ರಶ್ನೆ ಕೇಳಿ ಬಿಡುತ್ತಾಳೆ. ಅವನು ಆತ್ಮ ಎಂದ ಕಡೆ ಅವಳು ಜ್ಞಾನ ಎನ್ನುತ್ತಾಳೆ. ನನ್ನನ್ನು ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತಾದಾಗ ಬೇಕಾಗಿದ್ದದ್ದು ಗೊಗ್ಗವ್ವೆಯ ಪದ ಎಂದು ಬರೆದಿದ್ದಾಳೆ. ಎರಡು ಉಲ್ಲೇಖಗಳನ್ನು ಹೋಲಿಸಿ ವಾದ ಕಟ್ಟುವುದು ಪದವಿ ಮಟ್ಟದಲ್ಲೂ ಸುಲಭವಾಗಿ ಕಾಣಸಿಗದು. ಇದು ಪದ ಹಿಡಿದು ಹುಡುಕದೆ, ಬರಿಯ ಆಯ್ದ ವಚನಗಳ ಪುಸ್ತಕ ಹಿಡಿದಿದ್ದರೆ ಸಾಧ್ಯವಾಗುತ್ತಿರಲಿಲ್ಲ.

ಭ್ರಷ್ಟಾಚಾರದ ಬಗ್ಗೆ ಬರೆಯುವಾಗ ಲಕ್ಕಮ್ಮ ಒದಗಿದಳು. ಒಂದು ದಿನ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ತಡೆದು ಕೇಳುತ್ತಾಳೆ: ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಮುಂದೆ ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಎನ್ನುತ್ತಾಳೆ. ಇಷ್ಟು ಅಕ್ಕಿಯ ಆಸೆ ನಿಮಗೇಕೆ ಎಂದು ಗಂಡನನ್ನೇ ನೇರವಾಗಿ ಕೇಳುವ ಹನ್ನೆರಡನೆಯ ಶತಮಾನದ ಹೆಂಗಸು ಮಕ್ಕಳಿಗೆ ಬಹಳ ಹಿಡಿಸಿದಳು. ಲಂಚದ ಬಗ್ಗೆ ಉಪದೇಶ ಬರೆಯುವ ಬದಲು ಅನೇಕರು ‘ಈಸಕ್ಕಿ’ ಎಂಬ ಪದದಿಂದ ಆರಂಭಿಸಿದರು. ಹಿಡಿ ಅಕ್ಕಿಯ ಲೆಕ್ಕದಲ್ಲೇ ತಪ್ಪು ಶುರುವಾಗುತ್ತದೆ ಎಂದು.

ಈಗ ಎಚ್ಚರದ ಮಾತು. ಇವು ತಾಣದ ದೋಷಗಳಲ್ಲ, ಬಳಸುವ ನಮ್ಮ ಸಿದ್ಧತೆಗೆ ಸೇರಿದವು.

ಮೊದಲನೆಯದು ರೂಪಗಳ ತೊಡಕು. ನಮ್ಮ ನಾಲಿಗೆಯ ಮೇಲಿರುವುದು ‘ನುಡಿದರೆ ಮುತ್ತಿನ ಹಾರದಂತಿರಬೇಕು’. ವಚನದ ಹಳೆಯ ಪಾಠ ‘ನುಡಿದಡೆ’. ಬಂದರೆ ಅಲ್ಲ, ಬಂದಡೆ. ಮಗು ತನಗೆ ಗೊತ್ತಿರುವ ರೂಪ ಕೊಟ್ಟು, ಸಿಗದಿದ್ದರೆ ‘ಇಲ್ಲ ಮೇಡಂ’ ಎಂದು ಕೈ ಚೆಲ್ಲುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಸಾಲನ್ನು ಹುಡುಕದೆ ಅದರೊಳಗಿನ ಅಪರೂಪದ ನಾಮಪದವನ್ನು ಹುಡುಕುವುದು. ಆ ವಚನಕ್ಕೆ ‘ಸಲಾಕೆ’ ಕೊಟ್ಟರೆ ದಾರಿ ಸುಲಭ, ಏಕೆಂದರೆ ಮುಂದೆ ‘ಸ್ಫಟಿಕದ ಸಲಾಕೆಯಂತಿರಬೇಕು’ ಎಂಬ ಸಾಲು ಬರುತ್ತದೆ. ಈ ನೆಪದಲ್ಲಿ ನಡುಗನ್ನಡದ ಪ್ರತ್ಯಯಗಳ ಪಾಠವೂ ಆಯಿತು. ವ್ಯಾಕರಣ ಎಂದರೆ ಮುಖ ಬಾಡಿಸುವವರು ತಾವಾಗಿಯೇ ‘ಅಡೆ’ ಹಾಕಿ ನೋಡೋಣ ಎನ್ನತೊಡಗಿದರು. ಕನ್ನಡ ಟೈಪಿಂಗ್ ಬಾರದವರು ಬಹಳ. ಅರ್ಧ ತಿಂಗಳು ಅದಕ್ಕೇ ಹೋಯಿತು, ಹೋಗಲಿ ಎಂದು ಬಿಟ್ಟೆ, ಅದೂ ಬೇಕಾದ ವಿದ್ಯೆಯೇ.

ಎರಡನೆಯದು ಸಮೃದ್ಧಿಯ ಅಪಾಯ. ಸೆಪ್ಟೆಂಬರ್‌ನಲ್ಲಿ ಒಬ್ಬ ಜಾಣ ಹುಡುಗ ಎರಡು ಪುಟದಲ್ಲಿ 11 ವಚನ ತುಂಬಿಸಿ ತಂದ. ಅವನ ಸ್ವಂತದ್ದು ಆರು ವಾಕ್ಯ ಇತ್ತು. ‘ಊಟದ ಎಲೆಯಲ್ಲಿ ಬರೀ ಉಪ್ಪಿನಕಾಯಿ ಬಡಿಸಿದರೆ ಹೇಗೆ?’ ಎಂದೆ. ಅಂದಿನಿಂದ ಪುಟಕ್ಕೆ ಒಂದು ಉಲ್ಲೇಖ, ಅದರ ಸ್ವಾರಸ್ಯ ಕನಿಷ್ಠ ಮೂರು ವಾಕ್ಯ ಎಂದು ಕಟ್ಟು ಹಾಕಿದ್ದೇನೆ. ಇಂಥ ಕಟ್ಟು ಇಲ್ಲದೆ ಈ ತಾಣವನ್ನು ಮಕ್ಕಳ ಕೈಗೆ ಕೊಡಬೇಡಿ. ಹುಡುಕುವ ಸುಖದಲ್ಲಿ ಯೋಚಿಸುವುದು ಹಿಂದೆ ಬೀಳುತ್ತದೆ.

ಮೂರನೆಯದನ್ನು ನಾನು ತುಂಬ ಗಂಭೀರವಾಗಿ ಹೇಳುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಒಬ್ಬಳು ಪರಿಸರದ ಬಗ್ಗೆ ಬರೆದ ಪ್ರಬಂಧದಲ್ಲಿ ‘ಕೂಡಲಸಂಗಮದೇವ’ ಅಂಕಿತವಿದ್ದ, ನಾನು ಎಂದೂ ಕೇಳದ ಒಂದು ವಚನವಿತ್ತು. ಮೊಬೈಲಿನ ಎಐ ಆ್ಯಪ್ ಒಂದನ್ನು ಕೇಳಿ ಬರೆದುಕೊಂಡದ್ದು ಎಂದು ಹೇಳಿದಳು. ಲಯವಿತ್ತು, ಅಂಕಿತವಿತ್ತು, ಭಾವವೂ ಒಳ್ಳೆಯದೇ. ಪದಪದ ಹಿಡಿದು ಎಲ್ಲರೂ ಸೇರಿ ಹುಡುಕಿದೆವು. ಅಂಥ ವಚನವೇ ಇರಲಿಲ್ಲ. ಅವಳು ಅತ್ತಳು. ಅವಳನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಅವಳು ನಂಬಿ ಬರೆದಿದ್ದಳು. ಎಂಟುನೂರು ವರ್ಷಗಳ ಹಿಂದಿನವರ ಬಾಯಲ್ಲಿ ಅವರಾಡದ ಮಾತು ಇಡುವುದು ಸಣ್ಣ ತಪ್ಪಲ್ಲ; ಅವರು ಎದ್ದು ಬಂದು ಅಲ್ಲಗಳೆಯಲಾರರು. ಇನ್ನು ಮುಂದೆ ವಚನ ಎಲ್ಲಿಂದ ಸಿಕ್ಕಿರಲಿ, ಗೈಡಿನಿಂದ, ವಾಟ್ಸ್ಆ್ಯಪ್‌ನಿಂದ, ಭಾಷಣದಿಂದ, ಮೊದಲು ಇಲ್ಲಿ ಒರೆಗೆ ಹಚ್ಚಿದ ಮೇಲೆಯೇ ಪ್ರಬಂಧಕ್ಕೆ ಬರಬೇಕು. ಸಾಧ್ಯವಾದಾಗ ಮುದ್ರಿತ ಸಂಪುಟದಲ್ಲೂ ನೋಡಿ ಪಾಠ ಒಪ್ಪಿಸಿಕೊಳ್ಳುತ್ತೇವೆ. ನಮ್ಮಲ್ಲಿರುವ ನಾಲ್ಕು ಸಂಪುಟಗಳ ಧೂಳು ಹಾರಿದ್ದು ಈ ವರ್ಷವೇ.

ಅರ್ಥಕ್ಕೆ ನಿಘಂಟು ಬೇಕೇ ಬೇಕು. ‘ಹಂಗು’, ‘ಕಾಸೆ’, ‘ಉಭಯ’ ಇವುಗಳಲ್ಲಿ ಮಕ್ಕಳು ಮುಗ್ಗರಿಸುತ್ತಾರೆ. ಅರ್ಥ ತಿಳಿಯದ ಪದ ಸಾಕ್ಷಿಯಾಗಲಾರದು. ಪದ ಸಿಕ್ಕಿತೆಂದು ಸಂದರ್ಭ ಮರೆತು ವಚನವನ್ನು ಎಳೆದು ತರುವುದೂ ಆಗುತ್ತದೆ: ‘ಅರಸು’ ಎಂದು ಹುಡುಕಿದ ಒಬ್ಬ ‘ಹುಡುಕು’ ಎಂಬ ಅರ್ಥದ ಅರಸುವಿಕೆಯನ್ನು ರಾಜನ ಬಗ್ಗೆ ಎಂದು ತಿಳಿದಿದ್ದ. ಯಂತ್ರ ಅಕ್ಷರ ನೋಡುತ್ತದೆ, ಅರ್ಥ ನೋಡುವವರು ನಾವು.

ಖರ್ಚಿನ ಲೆಕ್ಕ ಕೇಳುವವರಿಗೆ: ನನಗೆ ಬಿದ್ದದ್ದು ಇಂಟರ್ನೆಟ್ ಪ್ಯಾಕ್ ಮತ್ತು ಜೆರಾಕ್ಸ್ ಅಂಗಡಿಯ ಬಿಲ್ಲು ಮಾತ್ರ. ಕರೆಂಟು ಹೋಗುವ ದಿನಗಳಿಗೆಂದು ಹದಿನೈದು ಪದಗಳ ಫಲಿತಾಂಶಗಳನ್ನು ಹಿಂದಿನ ಸಂಜೆಯೇ ಮುದ್ರಿಸಿ ಇಟ್ಟುಕೊಂಡಿರುತ್ತೇನೆ. ಪ್ರೊಜೆಕ್ಟರ್ ಇಲ್ಲದ ಕಾಲೇಜಿನವರು ಇದನ್ನೇ ಮಾಡಬಹುದು. ಪ್ರೌಢಶಾಲೆಯ ಎಂಟನೆಯ ತರಗತಿಗೆ ಇದು ಭಾರವಾದೀತು, ಒಂಬತ್ತು ಹತ್ತಕ್ಕೆ ಶಿಕ್ಷಕರೇ ಹುಡುಕಿಕೊಟ್ಟರೆ ಸಾಕು. ಪಿಯುಸಿ, ಪದವಿಯ ಮಕ್ಕಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕನ್ನಡದಲ್ಲಿ ಪ್ರಬಂಧ ಬರೆಯುವವರು ತಾವೇ ಕೂತು ಬಳಸಬೇಕು. ಅವರಿಗೆ ನಾನು ಐದಕ್ಕೆ ಐದು ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ.

ನಮ್ಮ ಕಾಲೇಜಿನ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಕಾಯಕವೇ ಕೈಲಾಸ – ಬಸವಣ್ಣ’ ಎಂದು ಬರೆದಿದೆ. ಕಳೆದ ವಾರ ಮಕ್ಕಳು ಪ್ರಾಂಶುಪಾಲರಿಗೆ ಒಂದೂವರೆ ಪುಟದ ಮನವಿ ಬರೆದು ಕೊಟ್ಟರು. ಮಾರಯ್ಯನ ವಚನವನ್ನು ಪೂರ್ತಿ ಉಲ್ಲೇಖಿಸಿದ್ದಾರೆ, ಅಂಕಿತದ ಕೆಳಗೆ ಗೆರೆ ಎಳೆದಿದ್ದಾರೆ. ಬಸವಣ್ಣನವರ ವಚನಗಳಲ್ಲಿ ಈ ಮಾತು ‘ನಮಗೆ ಸಿಗಲಿಲ್ಲ’ ಎಂದೇ ಬರೆದಿದ್ದಾರೆ. ಬಸವಣ್ಣನವರ ಚಿತ್ರ ಹಾಗೆಯೇ ಇರಲಿ, ಅದರ ಕೆಳಗೆ ಅವರದೇ ಆದ ‘ದಯವೇ ಧರ್ಮದ ಮೂಲವಯ್ಯಾ’ ಬರೆಸಿ, ಈ ಮಾತಿಗೆ ಆಯ್ದಕ್ಕಿ ಮಾರಯ್ಯನ ಹೆಸರು ಹಾಕಿಸಿ ಎಂಬುದು ಅವರ ಕೋರಿಕೆ. ಪ್ರಾಂಶುಪಾಲರು ಎರಡು ಸಲ ಓದಿ, ಬೋರ್ಡು ಬರೆಯುವವರಿಗೆ ಹೇಳಿ ಕಳಿಸಿದ್ದಾರೆ. ಸೋಮವಾರ ಬರುತ್ತಾರಂತೆ.